ಜಾದೂ ಟ್ರಿಕ್ಕನ್ನು ಸಂಕೇತಗಳಲ್ಲಿ ಬರೆದಿಡುವುದು ಹೇಗೆ?

ಜಾದೂ ಕಲಿಯುವವರು ನನ್ನ ಹತ್ತಿರ ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಕಲಿತ ಟ್ರಿಕ್ ಸ್ವಲ್ಪ ದಿನ ಬಿಟ್ಟರೆ ಮರೆತು ಹೋಗುತ್ತೆ, ಬರೆದಿಟ್ಟುಕೊಳ್ಳೋದು ಹೇಗೆ?" ಬಹಳಷ್ಟು ಜನ ಬರೆದೂ ಇಟ್ಟಿರುತ್ತಾರೆ. ನೋಟ್‌ಬುಕ್ ತೆರೆದರೆ ಎರಡು ಪುಟದ ಪ್ರಬಂಧ. "ಆಮೇಲೆ ಎಲೆಯನ್ನು ಮೆಲ್ಲಗೆ ಕೆಳಗೆ ತರಬೇಕು" ಅಂತ ಒಂದು ಸಾಲು. ಯಾವ ಕೈಯಿಂದ? ಯಾವುದರ ಕೆಳಗೆ? ಆಗ ಜನ ಎಲ್ಲಿ ನೋಡುತ್ತಿದ್ದರು? ಬರೆದವರಿಗೇ ಗೊತ್ತಾಗುವುದಿಲ್ಲ.

ಚದುರಂಗದ ಆಟಕ್ಕೆ ಪ್ರಪಂಚವಿಡೀ ಒಪ್ಪಿದ ಬರವಣಿಗೆ ಇದೆ. ಸಂಗೀತಕ್ಕೆ ಸ್ವರಲಿಪಿ ಇದೆ. ಜಾದೂಗೆ ಮಾತ್ರ ಎಲ್ಲರೂ ಒಪ್ಪಿದ ಲಿಪಿ ಇಲ್ಲ. 1584ರಲ್ಲಿ ಇಂಗ್ಲೆಂಡಿನ ರೆಜಿನಾಲ್ಡ್ ಸ್ಕಾಟ್ ತನ್ನ ಪುಸ್ತಕದಲ್ಲಿ ಚೆಂಡು, ನಾಣ್ಯ, ಇಸ್ಪೀಟಿನ ಕೈಚಳಕಗಳನ್ನು ವಿವರಿಸಿದ. ಮಾಟಗಾತಿಯರು ಅಂತ ಹೆಂಗಸರನ್ನು ಶಿಕ್ಷಿಸುವುದು ತಪ್ಪು ಅಂತ ಹೇಳಲು ಬರೆದ ಪುಸ್ತಕ ಅದು. ಜಾದೂ ಅದರಲ್ಲಿ ಪ್ರಾಸಂಗಿಕವಾಗಿ ಬಂತು. ಅವನು ಬರೆದದ್ದು ಗದ್ಯದಲ್ಲಿ, ಜೊತೆಗೆ ಒಂದಷ್ಟು ಚಿತ್ರ. ನಾಲ್ಕು ಶತಮಾನ ಕಳೆದರೂ ಜಾದೂ ಪುಸ್ತಕಗಳು ಹೆಚ್ಚುಕಮ್ಮಿ ಅದೇ ದಾರಿಯಲ್ಲಿವೆ. ಸಣ್ಣ ಸಣ್ಣ ತುಂಡುಗಳಿಗೆ ಮಾತ್ರ ಒಳ್ಳೆಯ ಸಂಕೇತಗಳು ಹುಟ್ಟಿವೆ. ಅವನ್ನು ಮುಂದೆ ನೋಡೋಣ.

ಇಲ್ಲಿ ಕೊಡುತ್ತಿರುವುದು ನಾನು ಬಳಸುವ ಪದ್ಧತಿ. ಕನ್ನಡ ಅಕ್ಷರ, ಅಂಕಿ, ನಾಲ್ಕಾರು ಗುರುತು, ಇಷ್ಟೇ. ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ: ಜನಕ್ಕೆ ಕಾಣುವುದು ಮತ್ತು ನಿಜವಾಗಿ ನಡೆಯುವುದು, ಎರಡನ್ನೂ ಒಂದರ ಕೆಳಗೊಂದು, ಒಂದೇ ಎಣಿಕೆಗೆ ಬರೆಯಬೇಕು. ಟ್ರಿಕ್ ಅನ್ನುವುದು ಆ ಎರಡು ಸಾಲುಗಳ ನಡುವಿನ ಬಿರುಕಿನಲ್ಲಿದೆ. ಬಿರುಕು ಎಲ್ಲಿ ಬಿತ್ತು, ಎಲ್ಲಿ ಮುಚ್ಚಿತು ಅಂತ ತೋರಿಸದ ಬರವಣಿಗೆಯಿಂದ ಉಪಯೋಗವಿಲ್ಲ.

"ವಿಡಿಯೋ ಮಾಡಿಟ್ಟರೆ ಸಾಲದಾ?" ಅಂತಲೂ ಕೇಳುತ್ತಾರೆ. ಸಾಲದು. ಟ್ರಿಕ್ ಚೆನ್ನಾಗಿ ಮಾಡಿದ್ದರೆ ಗುಟ್ಟು ವಿಡಿಯೋದಲ್ಲೂ ಕಾಣುವುದಿಲ್ಲ, ಅಲ್ವಾ? ಕ್ಯಾಮೆರಾ ಕೂಡ ಒಬ್ಬ ಪ್ರೇಕ್ಷಕನೇ. ವೇಗ ಮತ್ತು ಮಾತಿನ ಧಾಟಿ ನೆನಪಿಡಲು ವಿಡಿಯೋ ಇರಲಿ, ಲೆಕ್ಕಕ್ಕೆ ಕಾಗದ ಇರಲಿ.

ಏನೇನು ಬೇಕು

ಅಗಲ ಗೆರೆಯ ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಪುಟವನ್ನು ಅಡ್ಡ ತಿರುಗಿಸಿ ಬರೆಯಿರಿ, ಕಂಬಸಾಲುಗಳಿಗೆ ಜಾಗ ಸಿಗುತ್ತದೆ. ಪೆನ್ನು ಬೇಡ, ಮೊದಲ ಕರಡಿನಲ್ಲಿ ಅಳಿಸುವುದೇ ಜಾಸ್ತಿ. ಕಂಪ್ಯೂಟರ್ ಇಷ್ಟಪಡುವವರು ಎಕ್ಸೆಲ್‌ನಲ್ಲಿ ಬರೆಯಬಹುದು. ಆದರೆ ಬರೆಯುವ ಮುಂಚೆ ಎಲ್ಲ ಕೋಶಗಳನ್ನೂ 'ಟೆಕ್ಸ್ಟ್' ಅಂತ ಬದಲಿಸಿಕೊಳ್ಳಿ. ಇಲ್ಲದಿದ್ದರೆ ನೀವು 3-1 ಅಂತ ಬರೆದದ್ದನ್ನು ಅದು ತಾರೀಖು ಮಾಡಿಬಿಡುತ್ತದೆ.

ಅಭ್ಯಾಸಕ್ಕೆ ಒಂದು 10 ರೂಪಾಯಿ ನಾಣ್ಯ (ಈಗಿನ 1 ರೂಪಾಯಿ ತೀರಾ ಚಿಕ್ಕದು), ಒಂದು ಕಟ್ಟು ಇಸ್ಪೀಟ್ ಎಲೆ. ನಿಮಗೆ ಆಗಲೇ ಚೆನ್ನಾಗಿ ಬರುವ ಟ್ರಿಕ್ಕನ್ನೇ ಮೊದಲು ಬರೆಯಿರಿ. ಹೊಸ ಟ್ರಿಕ್ಕು, ಹೊಸ ಲಿಪಿ ಎರಡನ್ನೂ ಒಟ್ಟಿಗೆ ಕಲಿಯಲು ಹೋದರೆ ಎರಡೂ ಕೈಕೊಡುತ್ತವೆ.

1. ಪುಟದ ನೆತ್ತಿಯಲ್ಲಿ ಹಣೆಪಟ್ಟಿ

ಸಂಕೇತ ಶುರುವಾಗುವ ಮುಂಚೆ ಐದು ವಿಷಯ ಮಾಮೂಲಿ ಕನ್ನಡದಲ್ಲಿ ಬರೆಯಿರಿ.

ಟ್ರಿಕ್ಕಿನ ಹೆಸರು. ಯಾರಿಂದ ಅಥವಾ ಯಾವ ಪುಸ್ತಕದಿಂದ ಕಲಿತಿರಿ. ಬೇಕಾದ ವಸ್ತುಗಳು, ಗುಟ್ಟಿನವೂ ಸೇರಿ. ಕೋನ, ಅಂದರೆ ಯಾವ ಕಡೆಯಿಂದ ನೋಡುವವರಿಗೆ ಗುಟ್ಟು ಬಯಲಾಗುತ್ತದೆ. ಕೊನೆಯದು ಮರುಜೋಡಣೆ: ಮುಗಿದ ಕೂಡಲೇ ಇನ್ನೊಬ್ಬರಿಗೆ ತೋರಿಸಬಹುದೋ, ಇಲ್ಲಾ ಮರೆಗೆ ಹೋಗಿ ಮತ್ತೆ ಸಿದ್ಧ ಮಾಡಬೇಕೋ.

ಕೋನವನ್ನು ಬಿಡುವವರೇ ಜಾಸ್ತಿ. ಹಾಲ್‌ನಲ್ಲಿ ಎದುರು ಕೂತವರಿಗೆ ತೋರಿಸಿದ ಟ್ರಿಕ್ಕನ್ನು ಮದುವೆಮನೆಯಲ್ಲಿ ಸುತ್ತ ನಿಂತ ಮಕ್ಕಳ ನಡುವೆ ಮಾಡಿ ನೋಡಿ, ಆಗ ಗೊತ್ತಾಗುತ್ತದೆ. ಒಂದು ಅರ್ಧವೃತ್ತ ಬರೆದು, ಅಪಾಯದ ಭಾಗಕ್ಕೆ ಗೀಟು ಹಾಕಿದರೆ ಸಾಕು.

2. ಸಂಕೇತಗಳ ಪಟ್ಟಿ

ನೋಟ್‌ಬುಕ್ಕಿನ ಮೊದಲ ಪುಟ ಇದಕ್ಕೇ ಮೀಸಲು.

ಜಾಗಗಳು:
ಎ = ನನ್ನ ಎಡಗೈ
ಬ = ನನ್ನ ಬಲಗೈ
ಮೇ = ಮೇಜು
ಜೇ = ಜೇಬು
ಪ್ರೇ = ಪ್ರೇಕ್ಷಕ
ಕ = ಇಸ್ಪೀಟ್ ಕಟ್ಟು

ವಸ್ತುಗಳು:
ನಾ = ನಾಣ್ಯ
ಚೆ = ಚೆಂಡು
ಲೋ = ಲೋಟ
★ = ಪ್ರೇಕ್ಷಕ ಆರಿಸಿದ ಎಲೆ, ಅದು ಯಾವುದೇ ಆಗಿರಲಿ

ಗುರುತುಗಳು:
→ = ನಿಜವಾಗಿ ಹೋಯಿತು
~→ = ಹೋದ ಹಾಗೆ ನಟನೆ
( ) = ಅಲ್ಲಿದೆ, ಆದರೆ ಜನಕ್ಕೆ ಗೊತ್ತಿಲ್ಲ
0 = ಖಾಲಿ
↑ ↓ = ಎಲೆ ಮುಖ ಮೇಲೆ, ಮುಖ ಕೆಳಗೆ
? = ಪ್ರೇಕ್ಷಕ ತೀರ್ಮಾನಿಸುವ ಜಾಗ
* = ಬಿರುಕು, ಅಂದರೆ ಗುಟ್ಟಿನ ಕೆಲಸ ನಡೆಯುವ ಎಣಿಕೆ

ಎಲೆಗಳ ಬಣ್ಣಕ್ಕೆ ♠ ♥ ♦ ♣. ಇಸ್ಪೀಟು, ಆಟೀನು, ಡೈಮಂಡು, ಕಳಾವರು ಅಂತ ಅಕ್ಷರದಲ್ಲಿ ಬರೆಯುತ್ತಾ ಕೂರಬೇಡಿ. ಎಕ್ಕಕ್ಕೆ 1, ಗುಲಾಮನಿಗೆ ಗು. ರಾಜ ರಾಣಿಯರ ಹತ್ತಿರ ಹುಷಾರು. ಇಬ್ಬರಿಗೂ ಮೊದಲ ಅಕ್ಷರ ರಾ. ಅದಕ್ಕೇ ಕೊನೆಯ ಅಕ್ಷರ ತೆಗೆದುಕೊಳ್ಳಿ: ರಾಜನಿಗೆ ಜ, ರಾಣಿಗೆ ಣಿ. ಣಿ♥ ಅಂದರೆ ಆಟೀನ್ ರಾಣಿ.

ಎಡ-ಬಲ ಯಾವಾಗಲೂ ನಿಮ್ಮದೇ. ಪ್ರೇಕ್ಷಕರ ಕಡೆಯಿಂದ ಬರೆದರೆ ಅಭ್ಯಾಸ ಮಾಡುವಾಗ ಕನ್ನಡಿಯಲ್ಲಿ ಓದಿದ ಹಾಗಾಗುತ್ತದೆ. ಬೇರೆಯವರು ಮಾಡುವುದನ್ನು ನೋಡಿ ಬರೆದುಕೊಳ್ಳುವಾಗ ಈ ತಪ್ಪು ತಾನಾಗೇ ನುಸುಳುತ್ತದೆ, ಯಾಕೆಂದರೆ ಆಗ ನೀವು ಎದುರು ಕೂತಿರುತ್ತೀರಿ.

ಇಷ್ಟರಲ್ಲಿ ಮುಗಿಸಿ. ಪ್ರತಿ ಬೆರಳಿಗೂ ಒಂದೊಂದು ಸಂಕೇತ ಮಾಡುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಬೆರಳು ಹೇಗಿರಬೇಕು ಅನ್ನುವುದಕ್ಕೆ ಪಕ್ಕದಲ್ಲಿ ಪುಟ್ಟ ಚಿತ್ರ ಬರೆಯಿರಿ, ಇಲ್ಲಾ ಫೋಟೋ ತೆಗೆದು ಅಂಟಿಸಿ. ಲಿಪಿಯ ಕೆಲಸ ಯಾವುದು ಎಲ್ಲಿದೆ, ಯಾವಾಗ, ಯಾರಿಗೆ ಗೊತ್ತು ಅಂತ ಹೇಳುವುದು. ಬೆರಳಿನ ಕೆಲಸ ಬೆರಳೇ ಕಲಿಯಬೇಕು.

3. ಮೂರು ಸಾಲು

ಪ್ರತಿ ಟ್ರಿಕ್ಕಿಗೂ ಮೂರು ಸಾಲು, ಒಂದರ ಕೆಳಗೊಂದು.

ಕಾ = ಕಾಣುವುದು. ಜನ ಮನೆಗೆ ಹೋಗಿ ಏನಾಯಿತು ಅಂತ ಹೇಳುತ್ತಾರೋ ಅದು.
ನಿ = ನಿಜ. ನಿಜವಾಗಿ ನಡೆದದ್ದು.
ಮಾ = ಮಾತು ಮತ್ತು ಕಣ್ಣು. ನೀವು ಏನು ಹೇಳುತ್ತೀರಿ, ನಿಮ್ಮ ಕಣ್ಣು ಎಲ್ಲಿದೆ.

ಮೂರನೇ ಸಾಲು ಯಾಕೆ? ಜನ ನಿಮ್ಮ ಕಣ್ಣು ಹೋದಲ್ಲಿಗೆ ಹೋಗುತ್ತಾರೆ. ಗಮನ ತಿರುಗಿಸುವುದು ಅಂತ ಜಾದೂಗಾರರು ಹೇಳುವುದರಲ್ಲಿ ಅರ್ಧಕ್ಕರ್ಧ ಇದೇ. ನಾಣ್ಯ ಎಡಗೈಯಲ್ಲಿ ಅಡಗಿರುವಾಗ ನಿಮ್ಮ ಕಣ್ಣೂ ಎಡಗೈ ನೋಡಿದರೆ ಕಥೆ ಮುಗಿಯಿತು. ಹಾಗಾಗಿ ಕಣ್ಣನ್ನೂ ಬರೆಯಿರಿ. 'ಕಣ್:ಬ' ಅಂದರೆ ಬಲಗೈ ನೋಡು. 'ಕಣ್:ಪ್ರೇ' ಅಂದರೆ ಪ್ರೇಕ್ಷಕರ ಮುಖ ನೋಡು.

ಸಾಲುಗಳನ್ನು ಬರೆಯುವ ಕ್ರಮಕ್ಕೂ ಬೆಲೆ ಇದೆ. ಮೊದಲು ಕಾ ಸಾಲನ್ನು ಕೊನೆಯವರೆಗೂ ಬರೆಯಿರಿ. ಅದನ್ನಷ್ಟೇ ಓದಿದರೆ ನಿಜವಾದ ಪವಾಡದ ವರದಿ ಓದಿದ ಹಾಗಿರಬೇಕು. "ಯಾಕೋ ನಾಣ್ಯವನ್ನು ಈ ಕೈಯಿಂದ ಆ ಕೈಗೆ ದಾಟಿಸಿದ" ಅಂತ ಒಂದು ಎಣಿಕೆ ಅಲ್ಲಿ ಕಂಡರೆ ಪ್ರೇಕ್ಷಕರಿಗೂ ಅದೇ ಅನುಮಾನ ಬಂದಿರುತ್ತದೆ. ದಾಟಿಸಲು ಒಂದು ಕಾರಣ ಹುಡುಕಿ. ಆ ಕೈಗೆ ಪೆನ್ನು ಎತ್ತಿಕೊಳ್ಳಬೇಕಿತ್ತು, ಅಷ್ಟು ಸಾಕು.

4. ಎಣಿಕೆ ಹಾಕುವುದು

ಸಾಲನ್ನು ಕಂಬಗಳಾಗಿ ಒಡೆಯಿರಿ. ಪ್ರತಿ ಕಂಬ ಒಂದು ಎಣಿಕೆ. ಎಣಿಕೆ ಅಂದರೆ ಸೆಕೆಂಡ್ ಅಂದುಕೊಳ್ಳಬೇಡಿ. ಜನಕ್ಕೆ ಒಂದೇ ಕ್ರಿಯೆ ಅಂತ ಕಾಣುವಷ್ಟು ಹೊತ್ತು.

ಇಲ್ಲಿ ನಮ್ಮ ಸ್ವರಲಿಪಿಯಿಂದ ಒಂದು ಗುರುತು ಎರವಲು ತಂದಿದ್ದೇನೆ. ಸಂಗೀತದ ಪುಸ್ತಕದಲ್ಲಿ ಸ್ವರದ ಮುಂದೆ ಅಲ್ಪವಿರಾಮ ಇದ್ದರೆ ಅದೇ ಸ್ವರವನ್ನು ಇನ್ನೊಂದು ಅಕ್ಷರಕಾಲ ಎಳೆಯಬೇಕು. ಇಲ್ಲೂ ಹಾಗೇ. ಅಲ್ಪವಿರಾಮ ಅಂದರೆ ಹಿಂದಿನ ಎಣಿಕೆಯಲ್ಲಿ ಇದ್ದ ಹಾಗೇ ಇರು, ಏನೂ ಮಾಡಬೇಡ.

ಏನೂ ಮಾಡದಿರುವುದನ್ನು ಬರೆಯುವುದು ಸುಮ್ನೆ ಅನ್ನಿಸಬಹುದು. ಆದರೆ ಕಲಿಯುವವರು ಜಾಸ್ತಿ ಎಡವುವುದು ಅಲ್ಲೇ. ನಾಣ್ಯ ಅಡಗಿಸಿದ ಮರುಕ್ಷಣವೇ ಬಲಗೈ ತೆರೆದು "ಇಲ್ಲ!" ಅಂದುಬಿಡುತ್ತಾರೆ. ಜನ ಒಂದು ಕ್ಷಣ ಹಿಂದಕ್ಕೆ ಹೋದರೆ ಗುಟ್ಟು ಸಿಕ್ಕಿಬಿಡುತ್ತದೆ. ಬಿರುಕಿಗೂ ಫಲಕ್ಕೂ ನಡುವೆ ಒಂದೆರಡು ಅಲ್ಪವಿರಾಮ ಇದ್ದರೆ ಆ ದಾರಿ ಮಸುಕಾಗುತ್ತದೆ. ಬರೆದಾಗ ಇದು ಕಣ್ಣಿಗೇ ಕಾಣುತ್ತದೆ: * ಇರುವ ಕಂಬ ಎಲ್ಲಿ, 0 ಬರುವ ಕಂಬ ಎಲ್ಲಿ. ಎರಡೂ ಅಕ್ಕಪಕ್ಕ ಇದ್ದರೆ ತಿದ್ದಿ.

5. ಒಂದು ಪೂರ್ತಿ ಉದಾಹರಣೆ

ನಾಣ್ಯ ಮಾಯ ಮಾಡುವ ಹಳೆಯ ವಿಧಾನಗಳಲ್ಲೊಂದು ಫ್ರೆಂಚ್ ಡ್ರಾಪ್. ಆರಂಭದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ಟ್ರಿಕ್ಕು, ಹಾಗಾಗಿ ಯಾರ ಗುಟ್ಟನ್ನೂ ಬಯಲು ಮಾಡಿದ ಹಾಗಾಗುವುದಿಲ್ಲ. ಎಡಗೈ ಅಂಗಾತ, ಹೆಬ್ಬೆರಳು ಮತ್ತು ಬೆರಳ ತುದಿಗಳ ನಡುವೆ ನಾಣ್ಯದ ಅಂಚು. ಬಲಗೈ ಬಂದು ಅದನ್ನು ಹಿಡಿಯುವ ಹಾಗೆ ಮುಚ್ಚುತ್ತದೆ. ಅದರ ಹೆಬ್ಬೆರಳು ನಾಣ್ಯದ ಕೆಳಗೆ, ಉಳಿದ ಬೆರಳು ಮುಂದೆ. ಆ ಮರೆಯಲ್ಲಿ ಎಡ ಹೆಬ್ಬೆರಳು ಸಡಿಲವಾಗಿ ನಾಣ್ಯ ಎಡಗೈ ಬೆರಳುಗಳ ಬುಡಕ್ಕೆ ಬೀಳುತ್ತದೆ. ಬಲಗೈ ಖಾಲಿ ಮುಷ್ಟಿ ಹಿಡಿದು ದೂರ ಹೋಗುತ್ತದೆ.

ಇದನ್ನು ಹೀಗೆ ಬರೆಯುತ್ತೇವೆ:

ಎಣಿಕೆ: 1 | 2* | 3 | 4 | 5 | 6
ಕಾ: ಎ:ನಾ | ನಾ ಎ→ಬ | ಬ:ನಾ ದೂರ | , | ಬ ಉಜ್ಜು | ಬ ತೆರೆ:0
ನಿ: ಎ:ನಾ | ನಾ ಎ~→ಬ | ಎ:(ನಾ) ಇಳಿ | , | ಎ:(ನಾ) | ಎ:(ನಾ)
ಮಾ: "ಹತ್ತು ರೂಪಾಯಿ" ಕಣ್:ನಾ | ಕಣ್:ನಾ | ಕಣ್:ಬ | "ಗಟ್ಟಿ ಹಿಡಿದಿದ್ದೀನಿ" ಕಣ್:ಪ್ರೇ | ಕಣ್:ಬ | ಕಣ್:ಪ್ರೇ

ಎರಡನೇ ಕಂಬ ನೋಡಿ. ಕಾ ಸಾಲಿನಲ್ಲಿ →, ನಿ ಸಾಲಿನಲ್ಲಿ ~→. ಬಿರುಕು ಬಿದ್ದದ್ದು ಅಲ್ಲೇ, ಅದಕ್ಕೇ ಮೇಲೆ * ಇದೆ. ಮೂರನೇ ಕಂಬದಲ್ಲಿ 'ಇಳಿ' ಅಂತಿದೆ: ಎಡಗೈ ಸಹಜವಾಗಿ ಪಕ್ಕಕ್ಕೆ ಇಳಿಯಬೇಕು. ಹೊಸಬರ ಎಡಗೈ ಗಾಳಿಯಲ್ಲೇ ಮರಗಟ್ಟಿ ನಿಲ್ಲುತ್ತದೆ. ಬರವಣಿಗೆಯಲ್ಲಿ ಆ ಒಂದು ಪದ ಇದ್ದರೆ ಅಭ್ಯಾಸದಲ್ಲಿ ನೆನಪಾಗುತ್ತದೆ.

ಎರಡನೇ ಎಣಿಕೆಯಲ್ಲಿ ಕಣ್ಣು ಇನ್ನೂ ನಾಣ್ಯದ ಮೇಲೇ ಇದೆ, ಬಲಗೈಗೆ ಹೋಗಿಲ್ಲ. ಕೈ ದೂರ ಹೊರಟ ಮೇಲೆ ಕಣ್ಣು ಹಿಂಬಾಲಿಸುತ್ತದೆ. ನಿಜವಾಗಿ ನಾಣ್ಯ ದಾಟಿಸುವಾಗ ನಿಮ್ಮ ಕಣ್ಣು ಏನು ಮಾಡುತ್ತದೆ ಅಂತ ಮೊದಲು ಗಮನಿಸಿ, ಅದನ್ನೇ ಬರೆಯಿರಿ. ನಟನೆಯ ಕಂಬ ತುಂಬುವ ಮುಂಚೆ ನಿಜವಾದ ಕ್ರಿಯೆಯನ್ನು ಮಾಡಿ ನೋಡುವುದು ಒಳ್ಳೆಯ ಅಭ್ಯಾಸ.

6. ಬಾಕಿ ಲೆಕ್ಕ

ನನ್ನ ಪ್ರಕಾರ ಲಿಪಿ ಬರೆಯುವ ಶ್ರಮಕ್ಕೆ ಪೂರ್ತಿ ಫಲ ಸಿಗುವುದು ಈ ಹಂತದಲ್ಲಿ.

ಮೇಲಿನ ಉದಾಹರಣೆಯ ಕೊನೆಯ ಕಂಬ ನೋಡಿ. ಜನ ಚಪ್ಪಾಳೆ ಹೊಡೆದರು. ಆದರೆ ನಿ ಸಾಲಿನಲ್ಲಿ ಎ:(ನಾ) ಇನ್ನೂ ಇದೆ. ಕಂಸದೊಳಗೆ ಏನಾದರೂ ಉಳಿದಿದ್ದರೆ ಅದು ಬಾಕಿ. ತೀರಿಸದೆ ಟ್ರಿಕ್ ಮುಗಿಯುವುದಿಲ್ಲ. ಯಾರಾದರೂ "ಇನ್ನೊಂದು ಕೈ ತೋರಿಸಿ" ಅಂದರೆ ಅಲ್ಲಿಗೆ ಆಟ ಮುಗಿಯಿತು. ಹಾಗಾಗಿ ಇನ್ನೂ ಎರಡು ಕಂಬ ಬೇಕು:

ಎಣಿಕೆ: 7* | 8
ಕಾ: ಎ→ಜೇ, ಕರವಸ್ತ್ರ ತೆಗೆ | ಎರಡೂ ಕೈ 0
ನಿ: (ನಾ) ಎ→ಜೇ, ಕರವಸ್ತ್ರ ತೆಗೆ | ಜೇ:(ನಾ)
ಮಾ: "ಕೈ ಬೆವರಿದೆ" ಕಣ್:ಪ್ರೇ | ಕಣ್:ಪ್ರೇ

ಈಗ ಬಾಕಿ ಜೇಬಿಗೆ ಹೋಯಿತು, ಎರಡೂ ಕೈ ಖಾಲಿ.

ಪರೀಕ್ಷೆ ಸುಲಭ. ನಿ ಸಾಲಿನ ಪ್ರತಿ ಕಂಬದಲ್ಲೂ ವಸ್ತುಗಳನ್ನು ಎಣಿಸಿ. ಮೊದಲ ಕಂಬದಲ್ಲಿ ಒಂದು ನಾಣ್ಯ ಇದ್ದರೆ ಕೊನೆಯವರೆಗೂ ಒಂದೇ ಇರಬೇಕು. ಕಾ ಸಾಲಿನಲ್ಲಿ ಲೆಕ್ಕ ತಪ್ಪಬೇಕು, ನಿ ಸಾಲಿನಲ್ಲಿ ತಪ್ಪಬಾರದು. ನಿ ಸಾಲಿನಲ್ಲಿ ನಾಣ್ಯ ಕಾಣೆಯಾಗಿದ್ದರೆ ನೀವು ಯಾವುದೋ ಹೆಜ್ಜೆ ಬರೆಯಲು ಮರೆತಿದ್ದೀರಿ.

ಲೋಟ-ಚೆಂಡಿನ ಆಟದಲ್ಲಿ ಇದಿಲ್ಲದೆ ಆಗುವುದೇ ಇಲ್ಲ. ಜನಕ್ಕೆ ಕಾಣುವುದು ಮೂರು ಚೆಂಡು. ಸಾಮಾನ್ಯವಾಗಿ ನಾಲ್ಕನೆಯದೊಂದು ಗುಟ್ಟಾಗಿ ಇರುತ್ತದೆ. ಆರಂಭದ ಕಂಬವನ್ನು ಹೀಗೆ ಬರೆಯಿರಿ: ಮೇ:ಚೆ3, ಬ:(ಚೆ1). ಅಲ್ಲಿಂದ ನಿ ಸಾಲು ಪ್ರತಿ ಎಣಿಕೆಯಲ್ಲೂ ನಾಲ್ಕಕ್ಕೆ ಕೂಡಬೇಕು. ಕಾ ಸಾಲು ಮೂರಕ್ಕೆ ಕೂಡುತ್ತಾ ಹೋಗಿ, ಮಾಯವಾಗುವ ಜಾಗದಲ್ಲಿ ಮಾತ್ರ ಎರಡೋ ಒಂದೋ ಆಗುತ್ತದೆ. ಲೋಟಗಳಿಗೆ ಎಡದಿಂದ ಲೋ1, ಲೋ2, ಲೋ3 ಅಂತ ಜಾಗದ ಹೆಸರು ಕೊಡಿ. ಲೋಟ ಸ್ಥಳ ಬದಲಿಸಿದರೆ ಹೆಸರೂ ಬದಲಾಗುತ್ತದೆ. ಲೋಟಕ್ಕೇ ಹೆಸರು ಅಂಟಿಸಿದರೆ ನಾಲ್ಕನೇ ಕಂಬಕ್ಕೇ ಗೋಜಲಾಗುತ್ತದೆ.

ಬರವಣಿಗೆಯೇ ತಪ್ಪು ಹಿಡಿದುಕೊಡುವ ಈ ಗುಣ ಚೆಂಡು ಎಸೆಯುವ ಜಗ್ಲಿಂಗ್‌ನವರ ಲಿಪಿಯಲ್ಲಿ ಇನ್ನೂ ಚೊಕ್ಕವಾಗಿದೆ. ಅದರ ಹೆಸರು ಸೈಟ್‌ಸ್ವಾಪ್. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲೂ ಬೇರೆ ಬೇರೆ ಜನ ಇದನ್ನು ಕಂಡುಕೊಂಡರು. ಎಸೆದ ಚೆಂಡನ್ನು ಎಷ್ಟು ಎಣಿಕೆಯ ನಂತರ ಮತ್ತೆ ಎಸೆಯುತ್ತೀರಿ ಅನ್ನುವುದೇ ಅಂಕಿ. 531 ಅಂತ ಬರೆದರೆ ಸರಾಸರಿ 3, ಅಂದರೆ ಮೂರು ಚೆಂಡು ಬೇಕು. 423ರ ಸರಾಸರಿಯೂ 3, ಅದನ್ನು ಆಡಬಹುದು. ಅದೇ ಅಂಕಿಗಳನ್ನು 432 ಅಂತ ಬರೆದರೆ ಆಡಲು ಬರುವುದಿಲ್ಲ. ಮೊದಲ ಎಣಿಕೆಯಲ್ಲಿ 4 ಎಸೆದರೆ ಅದು ಐದನೇ ಎಣಿಕೆಗೆ ಬರುತ್ತದೆ, ಎರಡನೇ ಎಣಿಕೆಯ 3 ಕೂಡ ಐದಕ್ಕೇ ಬರುತ್ತದೆ. ಒಂದೇ ಕೈಗೆ ಒಟ್ಟಿಗೆ ಎರಡು ಚೆಂಡು. ಚೆಂಡು ಮುಟ್ಟುವ ಮುಂಚೆಯೇ ಕಾಗದ ಇದನ್ನು ಹೇಳಿಬಿಡುತ್ತದೆ.

7. ಇಸ್ಪೀಟಿಗೆ ಅಂಕಿ ಭಾಷೆ

ಎಲೆಗಳ ಟ್ರಿಕ್ಕಿನಲ್ಲಿ ಮುಖ್ಯ ಪ್ರಶ್ನೆ ಒಂದು ಎಲೆ ಎಷ್ಟನೆಯದು ಅನ್ನುವುದು. ನಿಯಮ ಇದು: ಕಟ್ಟನ್ನು ಮುಖ ಕೆಳಗೆ ಹಿಡಿದಾಗ ಮೇಲಿರುವ ಎಲೆ 1. ತಳದ ಎಲೆ -1, ಅದರ ಹಿಂದಿನದು -2. ಕಟ್ಟನ್ನು ತಿರುಗಿಸಿ ಹಿಡಿದರೂ ಸಂಖ್ಯೆ ಬದಲಾಗುವುದಿಲ್ಲ. 'ಮೇಲೆ', 'ಕೆಳಗೆ' ಅನ್ನುವ ಪದಗಳನ್ನು ಇಸ್ಪೀಟಿನ ಪುಟದಲ್ಲಿ ಬಳಸಲೇಬೇಡಿ. ಮುಖ ಮೇಲೆ ಮಾಡಿದ ತಕ್ಷಣ ಮೇಲಿನದು ಕೆಳಗಾಗುತ್ತದೆ. ನನ್ನ ಬಳಿ ಬರುವ "ಬರೆದ ಹಾಗೇ ಮಾಡಿದೆ, ಎಲೆ ಸಿಗಲಿಲ್ಲ" ಅನ್ನುವ ದೂರುಗಳ ಮೂಲ ಬಹುಪಾಲು ಇದೇ.

ಎಲ್ಲರಿಗೂ ಗೊತ್ತಿರುವ 21 ಎಲೆಯ ಟ್ರಿಕ್ಕನ್ನು ತೆಗೆದುಕೊಳ್ಳಿ. ಮೂರು ಗುಂಪಾಗಿ ಒಂದೊಂದೇ ಎಲೆ ಹಂಚುತ್ತೀರಿ. ಪ್ರೇಕ್ಷಕ ತನ್ನ ಎಲೆ ಯಾವ ಗುಂಪಿನಲ್ಲಿದೆ ಅಂತ ಹೇಳುತ್ತಾನೆ. ಆ ಗುಂಪನ್ನು ನಡುವೆ ಇಟ್ಟು ಮತ್ತೆ ಹಂಚುತ್ತೀರಿ. ಮೂರು ಸಲ ಮಾಡಿದರೆ ಅವನ ಎಲೆ 11ನೆಯದು. ಗುಂಪಿನ ಮೇಲೆ ಎಷ್ಟು ಗುಂಪುಗಳಿವೆ ಅಂತ ಅಂಕಿಯಲ್ಲಿ ಬರೆದರೆ (ಮುಖ ಕೆಳಗೆ ಮಾಡಿದಾಗ) ಮೇಲಿನದು 0, ನಡುವಿನದು 1, ತಳದ್ದು 2. ಆಗ ಇಡೀ ಟ್ರಿಕ್ಕು ಒಂದು ಸಾಲಿನಲ್ಲಿ ಮುಗಿಯಿತು:

21 ಎಲೆ: 1·1·1 ⇒ ★=11

ಇಲ್ಲಿಂದ ಮುಂದೆ ಲಿಪಿಯೇ ದಾರಿ ತೋರಿಸುತ್ತದೆ. 1·1·1ರ ಬದಲು ಬೇರೆ ಅಂಕಿ ಹಾಕಿದರೆ? 27 ಎಲೆ ತೆಗೆದುಕೊಂಡರೆ ಪ್ರೇಕ್ಷಕನ ಎಲೆಯನ್ನು ನೀವು ಬಯಸಿದ ಯಾವುದೇ ಸ್ಥಾನಕ್ಕೆ ತರಬಹುದು. ಫ್ರಾನ್ಸಿನ ಗಣಿತಜ್ಞ ಜೆರ್ಗೊನ್ 19ನೇ ಶತಮಾನದ ಆರಂಭದಲ್ಲಿ ಈ ಗುಂಪಿನ ಲೆಕ್ಕವನ್ನು ಬಿಡಿಸಿದ. ಇವತ್ತಿಗೂ ಇದನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ.

ಪ್ರೇಕ್ಷಕ 15 ಅಂತ ಒಂದು ಸಂಖ್ಯೆ ಹೇಳಿದ ಅಂದುಕೊಳ್ಳಿ. ಒಂದು ಕಳೆಯಿರಿ, 14. ಮೂರರಿಂದ ಭಾಗಿಸುತ್ತಾ ಹೋಗಿ, ಶೇಷ ಬರೆಯಿರಿ. 14ನ್ನು ಭಾಗಿಸಿದರೆ ಭಾಗಲಬ್ಧ 4, ಶೇಷ 2. 4ನ್ನು ಭಾಗಿಸಿದರೆ 1, ಶೇಷ 1. 1ನ್ನು ಭಾಗಿಸಿದರೆ 0, ಶೇಷ 1. ಶೇಷಗಳು ಬಂದ ಕ್ರಮದಲ್ಲೇ:

27 ಎಲೆ: 2·1·1 ⇒ ★=15

ಮೊದಲ ಸಲ ಅವನ ಗುಂಪು ತಳಕ್ಕೆ, ಆಮೇಲೆ ಎರಡು ಸಲ ನಡುವೆ. ಎಲೆಗಳನ್ನು ಮುಖ ಮೇಲೆ ಮಾಡಿ, ಒಂದರ ಮೇಲೊಂದು ಹಂಚಿ. ಗುಂಪುಗಳನ್ನು ಹಾಗೇ ಮುಖ ಮೇಲಾಗಿಯೇ ಜೋಡಿಸಿ, ಪ್ರತಿ ಸಲ ಜೋಡಿಸಿದ ಮೇಲೆ ಇಡೀ ಕಟ್ಟನ್ನು ತಿರುಗಿಸಿ. ಆದ್ದರಿಂದ ಜೋಡಿಸುವಾಗ 2 ಅಂದರೆ ಕಣ್ಣಿಗೆ ಎಲ್ಲಕ್ಕಿಂತ ಮೇಲೆ ಕಾಣುವ ಗುಂಪು! ತಿರುಗಿಸಿದ ಮೇಲೆ ಅದು ತಳಕ್ಕೆ ಹೋಗುತ್ತದೆ. 21 ಎಲೆಯಲ್ಲಿ ಈ ತಪ್ಪು ಮಾಡಿದರೂ ನಡೆಯುತ್ತಿತ್ತು, ನಡು ಅನ್ನುವುದು ಯಾವ ಕಡೆಯಿಂದ ನೋಡಿದರೂ ನಡುವೇ. 27ರಲ್ಲಿ ಬಿಡುವುದಿಲ್ಲ.

ಇನ್ನೊಂದು ಸುಂದರ ತುಂಡು ಲಿಪಿ ಫೇರೋ ಕಲೆಸುವಿಕೆಯದು. ಕಟ್ಟನ್ನು ಸರಿಯಾಗಿ 26-26 ಒಡೆದು, ಎರಡೂ ಭಾಗಗಳ ಎಲೆಗಳನ್ನು ಒಂದು ಬಿಟ್ಟು ಒಂದರಂತೆ ಹೆಣೆಯುವುದು ಫೇರೋ. ಮೊದಲಿದ್ದ 1ನೇ ಎಲೆ 1ರಲ್ಲೇ ಉಳಿದರೆ ಹೊರ ಫೇರೋ, 2ಕ್ಕೆ ಹೋದರೆ ಒಳ ಫೇರೋ. ಸಂಕೇತ ಹ ಮತ್ತು ಒ. ಎಂಟು ಸಲ ಹ ಮಾಡಿದರೆ 52 ಎಲೆಯ ಕಟ್ಟು ಮೊದಲಿದ್ದ ಕ್ರಮಕ್ಕೇ ಮರಳುತ್ತದೆ. ಒ ಮಾತ್ರ ಮಾಡುತ್ತಾ ಹೋದರೆ 52 ಸಲ ಬೇಕು.

ಕಂಪ್ಯೂಟರ್ ಕೆಲಸದಲ್ಲಿದ್ದ ಬ್ರಿಟನ್ನಿನ ಜಾದೂಗಾರ ಅಲೆಕ್ಸ್ ಎಲ್ಮ್‌ಸ್ಲಿ 1950ರ ದಶಕದಲ್ಲಿ ಇದರೊಳಗಿನ ದ್ವಿಮಾನ ಲೆಕ್ಕವನ್ನು ತೋರಿಸಿಕೊಟ್ಟರು. ದ್ವಿಮಾನ ಅಂದರೆ 0 ಮತ್ತು 1 ಮಾತ್ರ ಬಳಸಿ ಸಂಖ್ಯೆ ಬರೆಯುವುದು. 1ನೇ ಎಲೆಯನ್ನು 11ನೇ ಜಾಗಕ್ಕೆ ಕಳಿಸಬೇಕು ಅಂದುಕೊಳ್ಳಿ. ಒಂದು ಕಳೆದರೆ 10. ಅದರ ದ್ವಿಮಾನ ರೂಪ 1010. 1 ಇದ್ದಲ್ಲಿ ಒ, 0 ಇದ್ದಲ್ಲಿ ಹ:

1⇒11: ಒ ಹ ಒ ಹ

ಇಲ್ಲಿ ಹುಷಾರು. ಎರಡರಿಂದ ಭಾಗಿಸಿ ಶೇಷ ಬರೆದರೆ 0, 1, 0, 1 ಅಂತ ಬರುತ್ತದೆ. ಅದನ್ನು ಕೊನೆಯಿಂದ ಮೊದಲಿಗೆ ಓದಬೇಕು. ಜೆರ್ಗೊನ್ ಲೆಕ್ಕದಲ್ಲಿ ಬಂದ ಕ್ರಮದಲ್ಲೇ ಓದಿದಿರಿ, ಇಲ್ಲಿ ಉಲ್ಟಾ. ಎರಡನ್ನೂ ಒಂದೇ ಪುಟದಲ್ಲಿ ಬರೆಯಬೇಡಿ. ಇನ್ನು ಫೇರೋವನ್ನು ತಪ್ಪಿಲ್ಲದೆ ಮಾಡಲು ಕೈ ಪಳಗಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಎಲೆಗಳನ್ನು ಮೇಜಿನ ಮೇಲೆ ಒಂದೊಂದೇ ಹೆಣೆದು ಲೆಕ್ಕ ಸರಿಯಿದೆಯಾ ಅಂತ ನೋಡಿ.

8. ಕವಲುಗಳು

ಪ್ರೇಕ್ಷಕನ ಆಯ್ಕೆ ಬಂದಲ್ಲಿ ? ಹಾಕಿ, ಕವಲು ಒಡೆಯಿರಿ. ಉದಾಹರಣೆಗೆ ಮೇಜಿನ ಮೇಲೆ ಎರಡು ಲಕೋಟೆ, ಅ ಮತ್ತು ಆ. ನಿಮಗೆ ಬೇಕಾದ್ದು ಅ.

"ಒಂದನ್ನು ಮುಟ್ಟಿ" ?
ಅ ⇒ "ಸರಿ, ಇದನ್ನೇ ಇಟ್ಟುಕೊಳ್ಳಿ" ⇒ ಪ್ರೇ:ಅ
ಆ ⇒ "ಸರಿ, ಇದನ್ನು ಪಕ್ಕಕ್ಕಿಡೋಣ" ⇒ ಉಳಿದದ್ದು ಅ ⇒ ಪ್ರೇ:ಅ

ಯಾವುದನ್ನು ಮುಟ್ಟಿದರೂ ಒಂದೇ ಜಾಗಕ್ಕೆ ಬಂದು ಸೇರಿದಿರಿ. ಆಯ್ಕೆ ಕೊಟ್ಟ ಹಾಗೆ ಮಾಡಿ ಕೊಡದಿರುವ ಈ ಉಪಾಯಕ್ಕೆ ಜಾದೂಗಾರರು ಈಕ್ವಿವೋಕ್ ಅನ್ನುತ್ತಾರೆ. ಕವಲಿನ ಮುಂಚಿನ ಮಾತನ್ನು ಅಕ್ಷರಶಃ ಬರೆದಿಡಿ. "ಒಂದನ್ನು ಮುಟ್ಟಿ" ಅನ್ನುವ ಬದಲು ಬಾಯಿತಪ್ಪಿ "ನಿಮಗೆ ಬೇಕಾದ್ದು ಆರಿಸಿ" ಅಂದರೆ ಎರಡನೇ ಕವಲು ಸತ್ತುಹೋಗುತ್ತದೆ. ಬೇಕಾದ್ದು ಅಂತ ಕೊಟ್ಟದ್ದನ್ನು ಪಕ್ಕಕ್ಕಿಡಲು ಬರುವುದಿಲ್ಲವಲ್ಲ.

ಕವಲು ಬರೆಯದವರು ಒಂದೇ ದಾರಿಯನ್ನು ಅಭ್ಯಾಸ ಮಾಡಿರುತ್ತಾರೆ. ವೇದಿಕೆಯಲ್ಲಿ ಇನ್ನೊಂದು ದಾರಿ ಬಂದಾಗ ತಡವರಿಸುತ್ತಾರೆ, ಆ ತಡವರಿಕೆಯಿಂದಲೇ ಗುಟ್ಟು ಹೊರಗೆ ಬರುತ್ತದೆ. ಎರಡೂ ಕವಲಿನ ಮಾತು ಹೆಚ್ಚುಕಮ್ಮಿ ಒಂದೇ ಉದ್ದ, ಒಂದೇ ಧಾಟಿ ಇರಲಿ.

9. ಪರೀಕ್ಷಿಸಿ, ಜೋಪಾನ ಮಾಡಿ

ಬರೆದು ಮುಗಿಸಿದ ದಿನವೇ ಪರೀಕ್ಷೆ ಮಾಡಬೇಡಿ. ಆಗ ನೀವು ಕಾಗದ ಓದುತ್ತಿರುವುದಿಲ್ಲ, ನೆನಪಿನಿಂದ ಮಾಡುತ್ತಿರುತ್ತೀರಿ. ಕೆಲವು ವಾರ ಬಿಟ್ಟು, ಪುಟ ತೆರೆದು, ಬರೆದದ್ದನ್ನಷ್ಟೇ ಮಾಡಿ. ಎಲ್ಲಿ ಕೈ ನಿಂತಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಜೊತೆಗೆ ಜಾದೂ ಮಾಡುವ ಗೆಳೆಯರಿದ್ದರೆ ಅವರ ಕೈಗೆ ಪುಟ ಕೊಟ್ಟು ಸುಮ್ಮನೆ ಕೂತು ನೋಡಿ. ಬಾಯಿ ತೆರೆದು ಸಹಾಯ ಮಾಡಬೇಡಿ. ನೀವು ಬಾಯಲ್ಲಿ ಹೇಳಬೇಕು ಅನ್ನಿಸಿದ್ದೆಲ್ಲ ಕಾಗದದಲ್ಲಿ ಇಲ್ಲದ್ದು.

ಗುಟ್ಟು ಕಾಯಲು ಲಿಪಿಯನ್ನೇ ಗೂಢಲಿಪಿ ಮಾಡುವ ಯೋಚನೆ ಕೆಲವರಿಗೆ ಬರುತ್ತದೆ. ಅದು ಬೇಡ. ಮೊದಲು ಮರೆಯುವವರು ನೀವೇ. ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ಪುಟಗಳ ಫೋಟೋ ತೆಗೆದು ಇನ್ನೊಂದು ಕಡೆ ಇಟ್ಟುಕೊಳ್ಳಿ.

ಬೇರೆಯವರು ಕಟ್ಟಿದ ಟ್ರಿಕ್ಕನ್ನು ನಿಮ್ಮ ಅಭ್ಯಾಸಕ್ಕೆ ಬರೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆ ಪುಟವನ್ನು ಹಂಚುವ ಮುಂಚೆ ಮಾತ್ರ ಅವರನ್ನು ಕೇಳಿ. ಸಂಕೇತದಲ್ಲಿ ಬರೆದ ಮಾತ್ರಕ್ಕೆ ಟ್ರಿಕ್ಕು ನಿಮ್ಮದಾಗುವುದಿಲ್ಲ. ಹಣೆಪಟ್ಟಿಯಲ್ಲಿ 'ಯಾರಿಂದ' ಅಂತ ಒಂದು ಜಾಗ ಇಟ್ಟಿದ್ದೆವಲ್ಲ, ಅದನ್ನು ಖಾಲಿ ಬಿಡಬೇಡಿ.

ಫ್ರೆಂಚ್ ಡ್ರಾಪ್ ಬರೆದಾಯಿತು ಅಂದರೆ ಮುಂದೆ ಒಂದು ಲೋಟ, ಎರಡು ಚೆಂಡಿನ ಟ್ರಿಕ್ಕನ್ನು ಬರೆಯಿರಿ. ಮೂರು ಲೋಟದ್ದಕ್ಕೆ ಆಮೇಲೆ ಕೈ ಹಾಕಿ, ಅದಕ್ಕೆ ಅಡ್ಡ ಪುಟವೂ ಸಾಲುವುದಿಲ್ಲ, ಎರಡು ಪುಟ ಅಂಟಿಸಬೇಕಾಗುತ್ತದೆ.